ಸಹಿಗೆ ಮುನ್ನ ಪರೀಕ್ಷೆ: ಹೊಸ ಯಂತ್ರ ಬಂದ ದಿನದ ಲೆಕ್ಕಾಚಾರ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಭತ್ತದ ಒಂದು ಚೀಲವನ್ನೂ ಪರೀಕ್ಷಿಸದೆ ಕೊಳ್ಳುವ ವ್ಯಾಪಾರಿ ಸಿಗುವುದು ದುರ್ಲಭ. ರಾಶಿಯ ಮೇಲಿನ ಕಾಳನ್ನಷ್ಟೇ ನಂಬದೆ ಒಳಗೆ ಕೈಹಾಕಿ ಮಾದರಿ ತೆಗೆದು, ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ತೇವಾಂಶವನ್ನು ಅಂದಾಜು ಮಾಡುತ್ತಾನೆ. ಹತ್ತಿಯ ವ್ಯಾಪಾರಿಯು ಎಳೆಯನ್ನು ಬೆರಳುಗಳ ನಡುವೆ ಎಳೆದು ಅದರ ಉದ್ದ, ಬಲಗಳನ್ನು ಹೇಳಬಲ್ಲ. ಈ ವಿದ್ಯೆಯನ್ನು ನಮ್ಮ ವರ್ತಕರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇದೇ ಜನ, ಎರಡು ಲಕ್ಷ ರೂಪಾಯಿಯ ಯಂತ್ರವೊಂದು ಲಾರಿಯಿಂದ ಇಳಿದಾಗ, ಮೊಳೆ ಹೊಡೆದ ಪೆಟ್ಟಿಗೆಯ ಸುತ್ತ ಒಮ್ಮೆಯೂ ಬಾರದೆ 'ಸರಕು ಸುಸ್ಥಿತಿಯಲ್ಲಿ ತಲುಪಿದೆ' ಎಂಬ ರಸೀದಿಗೆ ಸಹಿ ಮಾಡಿ ಚಾಲಕನನ್ನು ಬೀಳ್ಕೊಡುತ್ತಾರೆ. ಈ ವಿರೋಧಾಭಾಸವನ್ನು ಕುರಿತು ಸದಸ್ಯ ಬಾಂಧವರೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮಿಲ್ಲು ಎಂದೊಡನೆ ನಮ್ಮ ಜಿಲ್ಲೆಯಲ್ಲಿ ನೆನಪಾಗುವುದು ಅಕ್ಕಿ ಗಿರಣಿ ಅಥವಾ ಹತ್ತಿ ಜಿನ್ನಿಂಗ್ ಕಾರ್ಖಾನೆ. ಇಲ್ಲಿ ಹೇಳಹೊರಟಿರುವುದು ಆ ಗಿರಣಿಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನ ಮಿಲ್ಲಿಂಗ್ ಯಂತ್ರದ ಬಗ್ಗೆ. ಲೇತಿನಲ್ಲಿ ಕೆಲಸದ ವಸ್ತು ತಿರುಗುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ವಸ್ತುವನ್ನು ಟೇಬಲ್ಲಿಗೆ ಬಿಗಿದು, ತಿರುಗುವ ಕಟ್ಟರಿನಿಂದ ಅದನ್ನು ಕೊರೆಯಲಾಗುತ್ತದೆ. ಶಾಫ್ಟಿಗೆ ಕೀ-ವೇ ಹಾಕಲು, ಸಮತಟ್ಟಾದ ಮುಖ ಮಾಡಲು, ನಿಖರವಾದ ಗಾಡಿ ತೆಗೆಯಲು ಇದು ಬೇಕೇ ಬೇಕು. ದೊಡ್ಡ ಯಂತ್ರಕ್ಕೆ ಟನ್ನುಗಟ್ಟಲೆ ತೂಕ, ಮೂರು ಫೇಸ್ ವಿದ್ಯುತ್ತು, ಪ್ರತ್ಯೇಕ ತಳಪಾಯ ಬೇಕು. ಆದುದರಿಂದ ಗಿಲ್ಲೆಸುಗೂರು, ಮಾನ್ವಿ, ದೇವದುರ್ಗಗಳಂತಹ ಸ್ಥಳಗಳ ಸಣ್ಣ ವರ್ಕ್‌ಶಾಪುಗಳಿಗೆ ಮೇಜಿನ ಮೇಲೆ ಕೂರುವ, ಸಿಂಗಲ್ ಫೇಸಿನಲ್ಲಿ ನಡೆಯುವ ಚಿಕ್ಕ ಮಿಲ್ಲಿಂಗ್ ಯಂತ್ರಗಳು ಆಕರ್ಷಕವಾಗಿ ಕಾಣುವುದು ಸಹಜ. ಐವತ್ತು-ಅರವತ್ತು ಕಿಲೋ ತೂಕದಿಂದ ಆರಂಭವಾಗುವ ಈ ಯಂತ್ರಗಳಲ್ಲಿ ಬಹುಪಾಲು ಚೀನಾದಲ್ಲಿ ತಯಾರಾಗಿ, ಒಂದೇ ವಿನ್ಯಾಸವು ಹಲವು ಹೆಸರು, ಹಲವು ಬಣ್ಣಗಳಲ್ಲಿ ಮಾರಾಟವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇವು ಮುಖ್ಯವಾಗಿ ಹವ್ಯಾಸಿಗಳ ಯಂತ್ರಗಳು. ರಜೆಯ ದಿನ ಮನೆಯ ಷೆಡ್ಡಿನಲ್ಲಿ ಕುಳಿತು ಚಿಕ್ಕ ಉಗಿಯಂತ್ರದ ಮಾದರಿ ಮಾಡುವವನಿಗೆ ಯಂತ್ರದ ದೋಷವನ್ನು ತಿದ್ದುವುದೂ ಹವ್ಯಾಸದ ಒಂದು ಭಾಗವೇ. ನಮ್ಮಲ್ಲಿ ಅದೇ ಯಂತ್ರ ಒಂದು ಕುಟುಂಬದ ಜೀವನೋಪಾಯ. ಸುಗ್ಗಿಯಲ್ಲಿ ಗಿರಣಿಯ ಎಲಿವೇಟರ್ ಶಾಫ್ಟ್ ಮುರಿದು ಬಂದಾಗ, ವಕ್ರವಾಗಿ ಕೊರೆದ ಕೀ-ವೇಯಿಂದ ಪುಲ್ಲಿ ಓಲಾಡಿದರೆ ನಷ್ಟ ಇಬ್ಬರಿಗೂ ಆಗುತ್ತದೆ, ಹೆಸರು ಮಾತ್ರ ವರ್ಕ್‌ಶಾಪಿನವನದು ಹೋಗುತ್ತದೆ.

ಪರೀಕ್ಷೆಯ ಪರಂಪರೆ

ಹೊಸ ಯಂತ್ರವನ್ನು ಅಳೆದು ನೋಡಿಯೇ ಸ್ವೀಕರಿಸಬೇಕೆಂಬ ವಿಚಾರ ಹೊಸತಲ್ಲ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜಾರ್ಜ್ ಷ್ಲೆಸಿಂಗರ್ ಅವರು 1927ರಲ್ಲಿಯೇ ಯಂತ್ರೋಪಕರಣಗಳ ಪರೀಕ್ಷೆಯ ಕೈಪಿಡಿಯನ್ನು ಪ್ರಕಟಿಸಿ, ಲೇತ್, ಡ್ರಿಲ್ಲಿಂಗ್, ಮಿಲ್ಲಿಂಗ್ ಯಂತ್ರಗಳಲ್ಲಿ ಯಾವುದನ್ನು ಎಲ್ಲಿ ಅಳೆಯಬೇಕು, ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬುದನ್ನು ಪಟ್ಟಿ ಮಾಡಿಕೊಟ್ಟರು. ಇಂದಿನ ಅಂತರರಾಷ್ಟ್ರೀಯ ಮಾನಕ ಐ.ಎಸ್.ಓ. 230 ಇದೇ ಪರಂಪರೆಯ ಮುಂದುವರಿಕೆ. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಎಚ್.ಎಂ.ಟಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಆರಂಭವಾಯಿತು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ ಸ್ಥಾಪನೆಯಾದವು. ಎಚ್.ಎಂ.ಟಿ.ಯ ಮಿಲ್ಲಿಂಗ್ ಯಂತ್ರ ಕೊಂಡವರಿಗೆ ಅದರೊಡನೆ ಬರುತ್ತಿದ್ದ ನಿಖರತಾ ಪರೀಕ್ಷಾ ಪಟ್ಟಿಯ ನೆನಪಿರಬಹುದು. ಅನುಮತಿಸಿದ ವ್ಯತ್ಯಾಸ ಒಂದು ಸಾಲಿನಲ್ಲಿ, ಆ ಯಂತ್ರದಲ್ಲಿ ವಾಸ್ತವವಾಗಿ ಕಂಡ ವ್ಯತ್ಯಾಸ ಮತ್ತೊಂದು ಸಾಲಿನಲ್ಲಿ. ಅದು ಯಂತ್ರದ ಜಾತಕವಿದ್ದಂತೆ. ಅಗ್ಗದ ಚಿಕ್ಕ ಯಂತ್ರಗಳೊಡನೆ ಇಂತಹ ಪಟ್ಟಿ ಬಂದರೂ ಎಷ್ಟೋ ಸಲ ಅದು ಎಲ್ಲ ಯಂತ್ರಗಳಿಗೂ ಒಂದೇ ಅಂಕಿ ಮುದ್ರಿಸಿದ ಹಾಳೆಯಾಗಿರುತ್ತದೆ. ಆದುದರಿಂದ ಪರೀಕ್ಷೆಯ ಹೊಣೆ ಕೊಳ್ಳುವವನ ಮೇಲೆ ಬೀಳುತ್ತದೆ.

ಲಾರಿ ಬಂದ ಹೊತ್ತು

ಚಾಲಕನಿಗೆ ಅವಸರ, ಹಮಾಲರಿಗೆ ಇನ್ನೊಂದು ಕೆಲಸ. ಪೆಟ್ಟಿಗೆ ತೆರೆದು ಎಲ್ಲವನ್ನೂ ನೋಡುವವರೆಗೆ ಅವರು ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಹೊರಗಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಇಳಿಸುವ ಮೊದಲೇ ಲಾರಿಯಲ್ಲಿರುವಂತೆ ಪೆಟ್ಟಿಗೆಯ ನಾಲ್ಕು ಮಗ್ಗುಲ ಛಾಯಾಚಿತ್ರ ತೆಗೆಯಬೇಕು. ಮಿಲ್ಲಿಂಗ್ ಯಂತ್ರದ ಭಾರವೆಲ್ಲ ಮೇಲ್ಭಾಗದಲ್ಲಿರುವುದರಿಂದ ಅದು ಮಗುಚಿ ಬೀಳುವುದು ಸುಲಭ. ಮೂಲೆ ಜಜ್ಜಿದೆಯೇ, ಹಲಗೆ ಸೀಳಿದೆಯೇ, ಮೊಳೆಗಳನ್ನು ಕಿತ್ತು ಮತ್ತೆ ಹೊಡೆದ ಗುರುತಿದೆಯೇ, ನೀರಿನ ಕಲೆ ಇದೆಯೇ, ಬಾಣದ ಗುರುತು ಕೆಳಮುಖವಾಗಿದೆಯೇ ಎಂದು ನೋಡಬೇಕು. ಯಾವುದಾದರೂ ಕಂಡರೆ ಸಾಗಣೆದಾರನ ಪ್ರತಿಯ ಮೇಲೆಯೇ 'ಪೆಟ್ಟಿಗೆಗೆ ಹಾನಿಯಾಗಿದೆ. ಒಳಗಿನ ಸರಕನ್ನು ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ' ಎಂದು ಬರೆದು, ಹಾನಿ ಎಲ್ಲಿ ಎಂಬುದನ್ನು ನಮೂದಿಸಿ, ಚಾಲಕನ ಸಹಿಯೊಡನೆ ಆ ಬರಹದ ಚಿತ್ರ ತೆಗೆದುಕೊಳ್ಳಬೇಕು. ಹೊರಗೆ ಏನೂ ಕಾಣದಿದ್ದರೂ 'ಪೆಟ್ಟಿಗೆ ತೆರೆದಿಲ್ಲ' ಎಂಬ ಎರಡು ಶಬ್ದ ಬರೆಯಲು ಯಾವ ಕಾನೂನೂ ಅಡ್ಡಿಯಿಲ್ಲ.

ಒಳಗಿನ ಪರೀಕ್ಷೆ

ಪೆಟ್ಟಿಗೆಯನ್ನು ಅದೇ ದಿನ, ತಪ್ಪಿದರೆ ಮರುದಿನ ತೆರೆಯಬೇಕು. ಮೊದಲು ಪಟ್ಟಿಯೊಡನೆ ಬಿಡಿಭಾಗಗಳ ಎಣಿಕೆ. ಬಳಿಕ ಯಂತ್ರದ ಫಲಕದ ಕ್ರಮಸಂಖ್ಯೆಯನ್ನು ಇನ್‌ವಾಯ್ಸಿನೊಡನೆ ಹೋಲಿಸುವುದು. ಬ್ಯಾಂಕು, ವಿಮೆ, ಸಹಾಯಧನ ಈ ಮೂರಕ್ಕೂ ಆ ಸಂಖ್ಯೆಯೇ ಆಧಾರ. ಫಲಕದಲ್ಲಿ 230 ವೋಲ್ಟ್, 50 ಹರ್ಟ್ಜ್ ಎಂದಿರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ಯಂತ್ರದ ಶರೀರ ಬೀಡು ಕಬ್ಬಿಣದ್ದು. ಬೀಡು ಬಾಗುವುದಿಲ್ಲ, ಬಿರಿಯುತ್ತದೆ. ತುಕ್ಕು ತಡೆಯಲು ಬಳಿದ ಗ್ರೀಸನ್ನು ಸೀಮೆಎಣ್ಣೆಯಿಂದ ಪೂರ್ಣ ಒರೆಸಿದ ಮೇಲೆಯೇ ಬಿರುಕು ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಯಂತ್ರವನ್ನು ಚಾಲೂ ಮಾಡಬಾರದು. ಕಂಬದ ಬುಡ, ಬೋಲ್ಟು ಕೂರುವ ಜಾಗ, ಟೇಬಲ್ಲಿನ ತುದಿಗಳಲ್ಲಿ ಅನುಮಾನವಿದ್ದರೆ ಸೀಮೆಎಣ್ಣೆ ಸವರಿ, ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಇದಕ್ಕೆ ಹತ್ತು ರೂಪಾಯಿಯ ಖರ್ಚೂ ಇಲ್ಲ. ಎರಕದ ಮರಳು, ಲೋಹದ ಚೂರುಗಳು ಜಾರುಪಟ್ಟಿಗಳ ನಡುವೆ ಉಳಿದಿದ್ದರೆ ಅವನ್ನು ತೆಗೆಯದೆ ಟೇಬಲ್ಲನ್ನು ಆಡಿಸುವುದು ಹೊಸ ಯಂತ್ರವನ್ನು ನಾವೇ ಉಜ್ಜಿ ಹಾಳುಮಾಡಿದಂತೆ.

ಬಳಿಕ ಅಳತೆಯ ಪರೀಕ್ಷೆ. ಇದಕ್ಕೆ ಬೇಕಾದುದು ಆಯಸ್ಕಾಂತದ ಸ್ಟ್ಯಾಂಡಿನ ಮೇಲೆ ಕೂರಿಸಿದ ಡಯಲ್ ಗೇಜ್ ಮತ್ತು ಒಂದು ಒಳ್ಳೆಯ ಮೂಲೆಮಟ್ಟ. ಸ್ಪಿಂಡಲ್ಲಿನ ಒಳಮೈಗೆ ಗೇಜ್ ತಾಗಿಸಿ ಕೈಯಿಂದ ತಿರುಗಿಸಿದಾಗ ಮುಳ್ಳು ಎಷ್ಟು ಆಡುತ್ತದೆ ಎಂಬುದು ಮೊದಲನೆಯದು. ಇಲ್ಲಿ ಲೆಕ್ಕ ಮಿಲಿಮೀಟರಿನ ನೂರನೆಯ ಭಾಗದಲ್ಲಿ. ಗೇಜನ್ನು ಸ್ಪಿಂಡಲ್ಲಿಗೆ ಕಟ್ಟಿ ಟೇಬಲ್ಲಿನ ಮೇಲೆ ಸುತ್ತಾಡಿಸಿದರೆ ಸ್ಪಿಂಡಲ್ ನೇರವಾಗಿ ನಿಂತಿದೆಯೇ ಎಂಬುದು ಎಡ-ಬಲ, ಹಿಂದು-ಮುಂದು ಎರಡೂ ದಿಕ್ಕಿನಲ್ಲಿ ತಿಳಿಯುತ್ತದೆ. ಹ್ಯಾಂಡಲನ್ನು ಒಂದು ಕಡೆಗೆ ತಿರುಗಿಸಿ, ಹಿಂದಕ್ಕೆ ತಿರುಗಿಸಿದಾಗ ಟೇಬಲ್ ಚಲಿಸುವ ಮುನ್ನ ಎಷ್ಟು ಗೆರೆ ವ್ಯರ್ಥವಾಯಿತು ಎಂಬುದು ಬ್ಯಾಕ್‌ಲ್ಯಾಶ್. ಟೇಬಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿಸಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಬೇಕು. ಕೊನೆಗೆ ಅರ್ಥಿಂಗ್ ಪರೀಕ್ಷಿಸಿ, ಕಡಿಮೆ ವೇಗದಿಂದ ಆರಂಭಿಸಿ ಅರ್ಧ ಗಂಟೆ ಖಾಲಿ ಓಡಿಸಿ, ಬೇರಿಂಗಿನ ಕಾವು, ಗಿಯರಿನ ಸದ್ದು, ತುರ್ತು ನಿಲುಗಡೆಯ ಗುಂಡಿಗಳನ್ನು ನೋಡಬೇಕು. ಇಂತಹ ಕೆಲವು ಚಿಕ್ಕ ಯಂತ್ರಗಳಲ್ಲಿ ತಲೆಯೊಳಗಿನ ಗಿಯರುಗಳು ಪ್ಲಾಸ್ಟಿಕ್ಕಿನವು. ಬಿಡಿ ಗಿಯರ್ ದೊರೆಯುತ್ತದೆಯೇ ಎಂದು ಅಂದೇ ಕೇಳಿಡುವುದು ಒಳಿತು. ಎಲ್ಲವೂ ಸರಿಯಿದ್ದರೆ ಒಂದು ತುಂಡು ಉಕ್ಕನ್ನು ಕೊರೆದು ಮೈಕ್ರೋಮೀಟರಿನಲ್ಲಿ ಅಳೆದರೆ ಪರೀಕ್ಷೆ ಸಂಪೂರ್ಣ.

ದೋಷ ಯಾರಿಗೆ ಸೇರಿದ್ದು?

ಇಲ್ಲಿಂದ ಮುಂದೆ ಲೆಕ್ಕಪರಿಶೋಧಕನ ಕೆಲಸ. ಕಂಡ ದೋಷಗಳನ್ನು ಮೂರು ಖಾತೆಗಳಲ್ಲಿ ಬರೆಯಬೇಕು. ಮುರಿದ ಹ್ಯಾಂಡಲ್, ಒಡೆದ ಸ್ವಿಚ್ ಪೆಟ್ಟಿಗೆ, ಹೊಸ ಬಿರುಕು ಇವು ದಾರಿಯ ಹಾನಿ; ಇದರ ಹೊಣೆ ಸಾಗಣೆದಾರ ಅಥವಾ ವಿಮೆಯವರದು. ಬಾಗಿದ ಸ್ಪಿಂಡಲ್, ಎರಕದಲ್ಲಿನ ರಂಧ್ರ, ಪೂರ್ತಿ ಓಡದ ಟೇಬಲ್ ಇವು ತಯಾರಿಕೆಯ ದೋಷ. ಇದರ ಹೊಣೆ ಮಾರಾಟಗಾರನದು. ಸಡಿಲವಾದ ಜಾರುಪಟ್ಟಿಯ ತಿರುಪು, ತುಸು ಓರೆಯಾದ ತಲೆ ಇವು ಹೊಂದಾಣಿಕೆಯ ಕೆಲಸ. ಇದನ್ನು ನಾವೇ ಮಾಡಿಕೊಳ್ಳಬೇಕು. ಮೂರನೆಯದಕ್ಕಾಗಿ ಮಾರಾಟಗಾರನೊಡನೆ ಜಗಳವಾಡುವವರಿದ್ದಾರೆ, ಎರಡನೆಯದನ್ನು ತಾವೇ ತಿದ್ದಲು ಹೋಗಿ ಹಕ್ಕು ಕಳೆದುಕೊಳ್ಳುವವರೂ ಇದ್ದಾರೆ. ಬಿಚ್ಚುವ ಮುನ್ನ ಬರೆಯಬೇಕು ಎಂಬುದು ಇಲ್ಲಿನ ನಿಯಮ.

ಈ ಭಾಗದ ನನ್ನ ಕಕ್ಷಿದಾರರೊಬ್ಬರು ಬ್ಯಾಂಕಿನ ಸಾಲದಲ್ಲಿ ಇಂತಹ ಯಂತ್ರ ತರಿಸಿದರು. ಆಯುಧಪೂಜೆಯ ದಿನ ತೆರೆಯೋಣವೆಂದು ಪೆಟ್ಟಿಗೆಯನ್ನು ಮೂರು ವಾರ ಹಾಗೆಯೇ ಇಟ್ಟರು. ಕುಂಕುಮ ಹಚ್ಚಿ ತೆರೆದಾಗ ಕಂಬದ ಬುಡದಲ್ಲಿ ಬಿರುಕು. ಸಾಗಣೆದಾರರು 'ಸುಸ್ಥಿತಿಯಲ್ಲಿ ತಲುಪಿದೆ' ಎಂಬ ಸಹಿ ತೋರಿಸಿದರು. ಮಾರಾಟಗಾರರು 'ನಿಮ್ಮ ಅಂಗಡಿಯಲ್ಲಿ ಮೂರು ವಾರ ಏನಾಯಿತೋ ನಮಗೇನು ಗೊತ್ತು' ಎಂದರು. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬಂತು. ಪೂಜೆ ಶುಭದಿನಕ್ಕೆ ಕಾಯಲಿ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಪರೀಕ್ಷೆ ಕಾಯಬಾರದು.

ಕಾನೂನಿನ ಗಡುವುಗಳು

ಸರಕು ಮಾರಾಟ ಕಾಯ್ದೆ 1930ರ 41ನೆಯ ಕಲಮಿನಂತೆ, ಮೊದಲು ನೋಡಿರದ ಸರಕನ್ನು ಪರೀಕ್ಷಿಸಲು ಸೂಕ್ತ ಅವಕಾಶ ದೊರೆಯುವವರೆಗೆ ಕೊಳ್ಳುವವನು ಅದನ್ನು ಅಂಗೀಕರಿಸಿದಂತೆ ಆಗುವುದಿಲ್ಲ. ಆದರೆ 42ನೆಯ ಕಲಮಿನಂತೆ, ತಿರಸ್ಕರಿಸುವ ಸುದ್ದಿ ಕೊಡದೆ ಸೂಕ್ತ ಅವಧಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಂಗೀಕರಿಸಿದಂತೆಯೇ. ಅಂಗೀಕರಿಸಿದ ಮೇಲೆ ಸಾಮಾನ್ಯವಾಗಿ ಯಂತ್ರ ಹಿಂದಿರುಗಿಸುವ ಹಕ್ಕು ಹೋಗಿ, ನಷ್ಟಪರಿಹಾರ ಕೇಳುವ ಹಕ್ಕಷ್ಟೇ ಉಳಿಯುತ್ತದೆ. 16ನೆಯ ಕಲಮು, ಯಾವ ಕೆಲಸಕ್ಕಾಗಿ ಕೊಳ್ಳುತ್ತಿದ್ದೇವೆಂದು ಮಾರಾಟಗಾರನಿಗೆ ತಿಳಿಸಿ ಅವನ ತಿಳಿವಳಿಕೆಯನ್ನು ನಂಬಿ ಕೊಂಡವನಿಗೆ ರಕ್ಷಣೆ ನೀಡುತ್ತದೆ. ಆದುದರಿಂದ ಖರೀದಿ ಆದೇಶದಲ್ಲಿ 'ಉಕ್ಕಿನ ಶಾಫ್ಟುಗಳಿಗೆ ಕೀ-ವೇ ಹಾಕುವ ನಿತ್ಯದ ಕೆಲಸಕ್ಕೆ' ಎಂದು ಬರೆಯುವುದು ಅವಶ್ಯ. ಹವ್ಯಾಸಿ ಯಂತ್ರಗಳ ಖಾತರಿ ಪತ್ರದಲ್ಲಿ ವಾಣಿಜ್ಯ ಬಳಕೆಗೆ ಖಾತರಿಯಿಲ್ಲವೆಂಬ ಷರತ್ತು ಚಿಕ್ಕ ಅಕ್ಷರದಲ್ಲಿ ಅಡಗಿರಬಹುದು. ಹಣ ಕಳುಹಿಸುವ ಮುನ್ನವೇ ಅದನ್ನು ಓದಬೇಕು.

ಎರಡನೆಯದು, ನಮ್ಮವರಲ್ಲಿ ಅನೇಕರು ಗಮನಿಸದ ಗಡುವು. ಮಾರಾಟಗಾರನು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕನಾಗಿದ್ದರೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯಂತೆ, ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ತಲುಪಿದ ದಿನವೇ ಅಂಗೀಕರಿಸಿದಂತೆ ಭಾವಿಸಲಾಗುತ್ತದೆ. ಆಕ್ಷೇಪಣೆ ಸಲ್ಲಿಸಿದರೆ, ಮಾರಾಟಗಾರನು ಅದನ್ನು ನಿವಾರಿಸಿದ ದಿನದಿಂದ ಪಾವತಿಯ ಗಡುವು ಎಣಿಕೆಯಾಗುತ್ತದೆ. ಈ ಗಡುವು ಕರಾರಿನಲ್ಲಿಯೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರವಾಣಿಯಲ್ಲಿ ಎಷ್ಟು ಸಲ ಕೂಗಾಡಿದರೂ ಅದು ಲಿಖಿತ ಆಕ್ಷೇಪಣೆಯಾಗದು.

ಮೂರನೆಯದು, 2007ರ ರಸ್ತೆ ಸಾಗಣೆ ಕಾಯ್ದೆ. ಹಾನಿಗಾಗಿ ಸಾಗಣೆದಾರನ ಮೇಲೆ ದಾವೆ ಹೂಡಬೇಕಾದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು. ಅವನ ನಿರ್ಲಕ್ಷ್ಯವನ್ನು ನಾವು ಸಾಬೀತುಪಡಿಸಬೇಕಾಗಿಲ್ಲ ಎಂಬುದು ಅನುಕೂಲ. ಆದರೆ ಹೆಚ್ಚಿನ ಅಪಾಯದ ದರ ಒಪ್ಪಿ ಮೌಲ್ಯ ಘೋಷಿಸದಿದ್ದರೆ ಅವನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ ಬಾಡಿಗೆ 3,000 ರೂಪಾಯಿಯಾದರೆ ದೊರೆಯಬಹುದಾದುದು ಹೆಚ್ಚೆಂದರೆ 30,000. ಯಂತ್ರ ಎರಡು ಲಕ್ಷದ್ದು. ಸಾಗಣೆ ವಿಮೆಯ ಕಂತು ಉಳಿಸುವವರು ಈ ವ್ಯವಕಲನವನ್ನು ಒಮ್ಮೆ ಮಾಡಿ ನೋಡಬೇಕು. ಇನ್ನು, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಯಂತ್ರ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನೇ. ಅವನು ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು.

ತೆರಿಗೆಯ ದೃಷ್ಟಿಯಿಂದ

ಎರಡು ಲಕ್ಷದ ಯಂತ್ರಕ್ಕೆ ಶೇ. 18ರಂತೆ ಜಿ.ಎಸ್.ಟಿ. 36,000 ರೂಪಾಯಿ. ಸರಕು ಕೈಸೇರಿದ ಮೇಲೆಯೇ ಇದರ ಜಮೆ ಪಡೆಯಬಹುದು. ಆ ಮೊತ್ತದ ಮೇಲೆ ಸವಕಳಿಯನ್ನೂ ಪಡೆದರೆ ಜಮೆ ಇಲ್ಲ. ಯಂತ್ರ ಹಿಂದಿರುಗಿಸಿದರೆ ಮಾರಾಟಗಾರನಿಂದ ಕ್ರೆಡಿಟ್ ನೋಟ್ ಪಡೆದು ಜಮೆಯನ್ನು ಸರಿಪಡಿಸಬೇಕು. ಅವನು ತನ್ನ ತೆರಿಗೆ ಇಳಿಸಿಕೊಳ್ಳಲು ಆರ್ಥಿಕ ವರ್ಷ ಮುಗಿದ ಬಳಿಕದ ನವೆಂಬರ್ 30 ಕೊನೆಯ ಗಡುವು. ಇದಾದ ಮೇಲೆ ಅವನಿಗೆ ವಾಪಸಾತಿಯಲ್ಲಿ ಆಸಕ್ತಿ ಉಳಿಯುವುದಿಲ್ಲ ಎಂಬುದನ್ನು ಅನುಭವಸ್ಥರು ಬಲ್ಲರು.

ಆದಾಯ ತೆರಿಗೆಯಲ್ಲಿ ಸವಕಳಿ ಸಿಗುವುದು ಬಳಕೆಗೆ ತಂದ ಯಂತ್ರಕ್ಕೆ, ಪೆಟ್ಟಿಗೆಯಲ್ಲಿರುವುದಕ್ಕಲ್ಲ. ಸಾಮಾನ್ಯ ದರ ಶೇ. 15ರಂತೆ ಎರಡು ಲಕ್ಷಕ್ಕೆ 30,000. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರರ್ಧ. ಮಾರ್ಚಿ ಕೊನೆಯಲ್ಲಿ ಅವಸರವಾಗಿ ಯಂತ್ರ ತರಿಸಿ, ತೆರೆಯದೆ ಇಟ್ಟು ಸವಕಳಿ ಕೇಳುವವರಿಗೆ ಇದು ತಿಳಿದಿರಬೇಕು. ದಿನಾಂಕ ಹಾಕಿ ಸಹಿ ಮಾಡಿದ ಪರೀಕ್ಷಾ ಪಟ್ಟಿ ಇದ್ದರೆ ಯಂತ್ರ ಚಾಲೂ ಆದ ದಿನಕ್ಕೂ ಅದೇ ಪುರಾವೆ.

ಕೆಲವು ಆಕ್ಷೇಪಣೆಗಳು

'ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ. ಹೀಗೆ ಒಂದೊಂದನ್ನೂ ಬರೆದರೆ ಮಾರಾಟಗಾರನಿಗೆ ಅವಮಾನವಲ್ಲವೇ' ಎಂದು ಹಿರಿಯರು ಕೇಳುತ್ತಾರೆ. ಗಂಜ್‌ನಲ್ಲಿ ಮಾದರಿ ನೋಡಿದ್ದಕ್ಕೆ ಯಾವ ರೈತನೂ, ಯಾವ ಅಡತಿಯವನೂ ಅವಮಾನವೆಂದು ಭಾವಿಸಿದ್ದಿಲ್ಲ. ಸರಕು ನೋಡಿಯೇ ಧಾರಣೆ ನಿಗದಿಯಾಗುವುದರಿಂದ ನಂಬಿಕೆ ಉಳಿದಿದೆ. 'ಪೂರ್ತಿ ಹಣ ಮೊದಲೇ ಕೊಟ್ಟಿರುತ್ತೇವೆ, ದೋಷ ಕಂಡು ಮಾಡುವುದೇನು' ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಪರಿಹಾರ ಖರೀದಿ ಆದೇಶದಲ್ಲಿದೆ: ಮೊತ್ತದ ಒಂದಂಶವನ್ನು ಪರೀಕ್ಷೆ ಮುಗಿದ ಮೇಲೆ ಕೊಡುವ ಷರತ್ತನ್ನು ದೊಡ್ಡ ಕಾರ್ಖಾನೆಗಳು ಹಾಕುತ್ತವೆ, ನಾವೂ ಕೇಳಬಹುದು. ಒಬ್ಬನೇ ಕೇಳಿದರೆ ಮಾರಾಟಗಾರ ಒಪ್ಪಲಾರ. ಹತ್ತು ಜನ ಕೇಳಿದರೆ ಯೋಚಿಸುತ್ತಾನೆ. 'ಅಗ್ಗದ ಯಂತ್ರಕ್ಕೆ ಇಷ್ಟೆಲ್ಲ ಏಕೆ' ಎಂಬ ಮಾತೂ ಇದೆ. ಅಗ್ಗದ ಯಂತ್ರಕ್ಕೇ ಇದು ಹೆಚ್ಚು ಅವಶ್ಯ, ಏಕೆಂದರೆ ಬೆಲೆ ಇಳಿಸುವಾಗ ಅನೇಕ ವೇಳೆ ಕಾರ್ಖಾನೆಯಲ್ಲಿ ಮೊದಲು ಕಡಿತವಾಗುವುದು ಕೊನೆಯ ತಪಾಸಣೆಯ ವೆಚ್ಚ.

ನಮ್ಮ ಸಂಸ್ಥೆ ಮಾಡಬಹುದಾದುದು

ಡಯಲ್ ಗೇಜ್, ಪರೀಕ್ಷಾ ದಂಡ, ನಿಖರ ರಸಮಟ್ಟ, ಮೂಲೆಮಟ್ಟ ಇವುಗಳನ್ನು ವರ್ಷಕ್ಕೊಮ್ಮೆ ಬಳಸುವ ಸಣ್ಣ ವರ್ಕ್‌ಶಾಪಿನವನು ಕೊಳ್ಳಲಾರ. ಒಂದು ಪೆಟ್ಟಿಗೆಯಷ್ಟು ಇಂತಹ ಉಪಕರಣಗಳನ್ನು ನಮ್ಮ ಸಂಸ್ಥೆಯೇ ಕೊಂಡು, ಠೇವಣಿಯ ಮೇಲೆ ಸದಸ್ಯರಿಗೆ ಎರಡು ದಿನ ಎರವಲು ಕೊಡಬಹುದು. ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಐ.ಟಿ.ಐ.ಗಳ ಬೋಧಕರಿಗೆ ಗೌರವಧನ ನೀಡಿ, ಯಂತ್ರ ಬಂದ ದಿನ ಸದಸ್ಯರ ಸ್ಥಳಕ್ಕೆ ಹೋಗಿ ಪರೀಕ್ಷಿಸುವ ವ್ಯವಸ್ಥೆ ಮಾಡಬಹುದು. ವಿದ್ಯಾರ್ಥಿಗಳಿಗೂ ಅದು ಪಾಠವಾಗುತ್ತದೆ. ಒಂದು ಹಾಳೆಯ ಕನ್ನಡ ಪರೀಕ್ಷಾ ಪಟ್ಟಿ, ಲಿಖಿತ ಆಕ್ಷೇಪಣೆಯ ಮಾದರಿ, ಸಾಗಣೆದಾರನಿಗೆ ನೋಟೀಸಿನ ಮಾದರಿ ಈ ಮೂರನ್ನು ಮುದ್ರಿಸಿ ಹಂಚಲು ದೊಡ್ಡ ವೆಚ್ಚವಿಲ್ಲ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇದನ್ನು ಪರಿಗಣಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಬಂಡೆಯಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲೆ ಕೆತ್ತಲಾಗಿದೆ. ಅದರೊಡನೆಯೇ, ಅಷ್ಟು ದೊಡ್ಡ ಕಲ್ಲನ್ನು ಹಲವಾರು ಜೊತೆ ಪ್ರಾಣಿಗಳನ್ನು ಹೂಡಿದ ಗಾಡಿಯ ಮೇಲೆ ಎಳೆದು ತಂದ ಬಗೆಯನ್ನೂ ಚಿತ್ರವಾಗಿ ಬಿಡಿಸಲಾಗಿದೆ. ಭಾರವಾದ ಸರಕು ಹೇಗೆ ಬಂತು ಎಂಬುದನ್ನು ಏಳು ಶತಮಾನ ಉಳಿಯುವಂತೆ ದಾಖಲಿಸಿದ ಊರು ಇದು. ಲಾರಿಯಲ್ಲಿ ಬಂದ ಪೆಟ್ಟಿಗೆಯ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಫೈಲಿನಲ್ಲಿ ಇಡುವುದು ನಮಗೆ ಕಷ್ಟವಾಗಬಾರದು.